ಹೆಸರಿನ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ

ಅಡಿಲೇಡ್, ಆಸ್ಟ್ರೇಲಿಯಾ
೧೨ ಜನವರಿ ೧೯೭೫

ಪ್ರೀತಿಯ ಅಕ್ಕ ಅಲೀದಾ,

ಇದನ್ನು ನಿಂತುಕೊಂಡು ಓದಬೇಡ, ಮೊದಲು ಕುಳಿತುಕೊ. ನಾನು ರೀಗಾಕ್ಕೆ ಬರುತ್ತಿದ್ದೇನೆ.

ಇಲ್ಲಿನ ಒಂದು ಪ್ರವಾಸ ಕಂಪನಿ ನನ್ನಂತೆ ಯುದ್ಧದ ಕೊನೆಗೆ ಊರು ಬಿಟ್ಟು ಬಂದ ಲಾಟ್ವಿಯಾದವರನ್ನೇ ಒಟ್ಟುಮಾಡಿ ಕರೆದೊಯ್ಯುತ್ತಿದೆ. ಲೆನಿನ್‌ಗ್ರಾಡ್ ಮುಗಿಸಿಕೊಂಡು ಮೇ ಮೂವತ್ತರ ಸಂಜೆ ರೀಗಾಕ್ಕೆ ಬಂದು ಇಳಿಯುತ್ತೇವೆ, ಜೂನ್ ಒಂದರ ಬೆಳಿಗ್ಗೆ ಹೊರಟುಬಿಡುತ್ತೇವೆ. ನಡುವೆ ಸಿಗುವುದು ಒಂದೇ ಒಂದು ಪೂರ್ತಿ ದಿನ. ಅದರ ಕಾರ್ಯಕ್ರಮವನ್ನು ಅಚ್ಚುಹಾಕಿಸಿ ಕೊಟ್ಟಿದ್ದಾರೆ. ಬೆಳಿಗ್ಗೆ ಹಳೆ ಊರು ಮತ್ತು ಸಂತೆ. ಮಧ್ಯಾಹ್ನ ‘ಗೋಡೆ ತುಂಬ ಕಲ್ಲಿನ ಮುಖಗಳಿರುವ ಜಗತ್ಪ್ರಸಿದ್ಧ ಯುಗೆಂಡ್ ಶೈಲಿಯ ಮನೆಗಳ ಬೀದಿ, ಬಸ್ಸಿನಿಂದ ಇಳಿದು ವೀಕ್ಷಣೆ’. ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಹದಿನೆಂಟು ವರ್ಷ ಆ ಬೀದಿಯಲ್ಲಿ ಚೆಂಡಾಡಿದವನು ಈಗ ದುಡ್ಡು ಕೊಟ್ಟು ಅದನ್ನು ನೋಡಬೇಕಂತೆ.

ನಮ್ಮ ಮೂರನೇ ಮಹಡಿಯ ಕಿಟಕಿಯ ಮೇಲಿನ ಕಲ್ಲಿನ ಹೆಂಗಸು ಇನ್ನೂ ಇದ್ದಾಳಷ್ಟೆ? ಬಾಯಿ ತೆರೆದು ಕಿರುಚುವ ಅವಳ ಕಥೆಯನ್ನು ಮಗಳು ರೂತ್‌ಗೆ ಎಷ್ಟು ಸಲ ಹೇಳಿದ್ದೇನೋ. ನೀನು ಮಾತ್ರ ಅವಳು ಹಾಡುತ್ತಿದ್ದಾಳೆ ಎಂದು ಜಗಳಕ್ಕೆ ಬರುತ್ತಿದ್ದೆ. ಈ ಸಲ ಹತ್ತಿರದಿಂದ ನೋಡಿ ಇತ್ಯರ್ಥ ಮಾಡಿಬಿಡೋಣ.

ನನ್ನ ಹೆಂಡತಿ ಜೋನ್ ಬರುವುದಿಲ್ಲ, ಅವಳ ತಾಯಿಗೆ ಹುಷಾರಿಲ್ಲ. ರೂತ್ ನಿನಗೆ ಮುತ್ತು ಕಳಿಸಿದ್ದಾಳೆ. ನಮ್ಮ ಭಾಷೆಯನ್ನು ಅವಳು ನಿನ್ನಷ್ಟೇ ಸೊಗಸಾಗಿ ಮಾತಾಡುತ್ತಾಳೆ.

ನಿನ್ನ ತಮ್ಮ
ಮಿಕೆಲಿಸ್


ರೀಗಾ
೯ ಫೆಬ್ರವರಿ ೧೯೭೫

ಪ್ರೀತಿಯ ತಮ್ಮ ಮಿಕೆಲಿಸ್,

ಕುಳಿತೇ ಓದಿದೆ. ಆಮೇಲೆ ಎದ್ದೆ, ಮತ್ತೆ ಕುಳಿತೆ. ಕ್ಲಾವ್ದಿಯಾ ಓಡಿಬಂದು “ಯಾರಿಗೆ ಏನಾಯ್ತೇ?” ಎಂದು ಕೇಳಿದಳು. ಕಾಗದವನ್ನೇ ಅವಳ ಕೈಗೆ ಕೊಟ್ಟೆ. ನಮ್ಮ ಭಾಷೆ ಅವಳಿಗೆ ಓದಲು ಬರುವುದಿಲ್ಲ. ಆದರೂ ಕೊನೆಯವರೆಗೂ ಓದಿ ಕಣ್ಣೊರೆಸಿಕೊಂಡಳು.

ನಿನ್ನ ಲಕೋಟೆ ಈ ಸಲವೂ ಭದ್ರವಾಗಿ ಅಂಟಿಕೊಂಡಿತ್ತು, ಎರಡೆರಡು ಸಲ ಅಂಟು ಹಚ್ಚಿದ ಹಾಗೆ. ನಮ್ಮ ಕಾಗದಗಳ ಬಗ್ಗೆ ದಾರಿಯಲ್ಲಿ ಯಾರಿಗೋ ಬಹಳ ಅಕ್ಕರೆ.

ದಿನ ಚೆನ್ನಾಗಿ ಆರಿಸಿದ್ದೀಯ, ಕಳ್ಳ. ಚಿಕ್ಕಂದಿನಿಂದಲೂ ನೀನು ಹೀಗೆಯೇ, ಹೊರಗೆ ಪೆದ್ದನಂತೆ ಕಂಡರೂ ಒಳಗೆ ಎಲ್ಲ ಲೆಕ್ಕಾಚಾರ. ನಾನಂತೂ ವಾರದಿಂದ ಒಬ್ಬಳೇ ನಗುತ್ತಿದ್ದೇನೆ.

ಹೋಟೆಲು ಒಳ್ಳೆಯದಂತೆ, ದಿನವಿಡೀ ಬಿಸಿನೀರು ಬರುತ್ತದಂತೆ. ಬೀದಿ ಹಾಗೆಯೇ ಇದೆ. ಕಲ್ಲಿನ ಹೆಂಗಸೂ ಇದ್ದಾಳೆ, ಮೂಗಿನ ತುದಿ ಸ್ವಲ್ಪ ಉದುರಿದೆ. ಅಪ್ಪನ ಕೋಣೆಯ ಕಿಟಕಿಯಲ್ಲಿ ಕ್ಲಾವ್ದಿಯಾ ಡಬ್ಬಿಗಳಲ್ಲಿ ಈರುಳ್ಳಿ ನೆಟ್ಟಿದ್ದಾಳೆ, ಹೊರಗೆ ಹಿಮ, ಒಳಗೆ ಹಸಿರು. ರೂತ್ ನಮ್ಮ ಭಾಷೆಯಲ್ಲಿ ನನಗೆ ಎರಡು ಸಾಲು ಬರೆಯಲಿ, ಅವಳ ಅಕ್ಷರ ನೋಡಬೇಕು.

ಅಕ್ಕ
ಅಲೀದಾ


ಅಡಿಲೇಡ್
೬ ಮಾರ್ಚ್ ೧೯೭೫

ಪ್ರೀತಿಯ ಅಕ್ಕ,

ಅಂತೂ ಮನೆಕೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡೆಯಲ್ಲ, ಸಮಾಧಾನವಾಯಿತು. ಆರು ಕೋಣೆಯ ಮನೆಯನ್ನು ಒಬ್ಬಳೇ ಗುಡಿಸಿ ಒರೆಸುವುದೆಂದರೆ ಸುಮ್ಮನೆ ಮಾತಲ್ಲ. ಅಪ್ಪನ ಕೋಣೆಯನ್ನು ಕ್ಲಾವ್ದಿಯಾಗೆ ಬಿಟ್ಟುಕೊಟ್ಟದ್ದೂ ಒಳ್ಳೆಯದೇ ಆಯಿತು. ಖಾಲಿ ಬಿಟ್ಟರೆ ಕೋಣೆ ಹಾಳಾಗುತ್ತದೆ.

ದಿನ ಆರಿಸಿದ್ದು ನಾನಲ್ಲ, ಕಂಪನಿಯವರು. ಮೇ ಕೊನೆಯಲ್ಲಿ ಅಲ್ಲಿ ಹವಾಮಾನ ಚೆನ್ನಾಗಿರುತ್ತದೆ ಎಂದು ಜೋನ್ ಕೂಡ ಹೇಳಿದಳು.

ಈಗ ಮುಖ್ಯ ವಿಷಯ. ಗುಂಪು ಬಿಟ್ಟು ಹೋಗಬಾರದು, ಯಾರ ಮನೆಗೂ ಹೋಗಬಾರದು ಎಂದು ನಿಯಮಗಳ ಕಾಗದ ಕೊಟ್ಟಿದ್ದಾರೆ. ನೆಂಟರು ಹೋಟೆಲಿನ ಹಜಾರಕ್ಕೆ ಸಂಜೆ ಬಂದು ಒಂದು ಗಂಟೆ ಕೂತು ಹೋಗಬಹುದಂತೆ. ಆದರೆ ಮನೆಯವರೇ ಕರೆದು ಬರೆದು, ಅಲ್ಲಿನ ಕಚೇರಿಯಲ್ಲಿ ಒಪ್ಪಿಗೆ ಪಡೆದರೆ ಮನೆಗೂ ಬಿಡುತ್ತಾರೆ ಎಂದು ಕಂಪನಿಯವನು ಗುಟ್ಟಾಗಿ ಹೇಳಿದ. ಹಾಗಾಗಿ ನನ್ನನ್ನು ಕರೆದು ನೀನೊಂದು ಪತ್ರ ಬರೆ.

ಅಮ್ಮನ ಮೇಜಿನ ಮುಂದೆ ಒಂದು ಸಲ ಕೂರಬೇಕು, ಅಕ್ಕ. ಅವಳು ತೀರಿಕೊಂಡಾಗ ಮಣ್ಣು ಹಾಕಲೂ ನಾನು ಬರಲಿಲ್ಲ. ಗೋಪುರ, ಇಗರ್ಜಿ, ಬೀದಿ ಏನೂ ತೋರಿಸದಿದ್ದರೂ ಅಡ್ಡಿಯಿಲ್ಲ. ಆ ಮೇಜಿನ ಮುಂದೆ ನಿನ್ನ ಎದುರು ಕೂತು ಒಂದು ಲೋಟ ಕಾಫಿ ಕುಡಿದರೆ ನಾನು ಬಂದದ್ದು ಸಾರ್ಥಕ.

ರೂತ್‌ಗೆ ಪರೀಕ್ಷೆ, ಆಮೇಲೆ ಬರೆಯುತ್ತಾಳೆ.

ಮಿಕೆಲಿಸ್


ರೀಗಾ
೨ ಏಪ್ರಿಲ್ ೧೯೭೫

ಪ್ರೀತಿಯ ಮಿಕೆಲಿಸ್,

ಹವಾಮಾನವಂತೆ, ಹವಾಮಾನ. ಸರಿಯಪ್ಪಾ, ನಾನೂ ಹವಾಮಾನವೆಂದೇ ಹೇಳುತ್ತೇನೆ.

ಕರೆಯುವ ಪತ್ರ ನಾನು ಬರೆಯುವುದಿಲ್ಲ. ಏಕೆಂದು ಕೇಳಬೇಡ. ಆ ಸಂಜೆ ಹೋಟೆಲಿಗೆ ಬರಲೂ ಆಗುವುದಿಲ್ಲ. ಅಂದು ಮೇ ಮೂವತ್ತೊಂದು, ಕ್ಯಾಲೆಂಡರಿನಲ್ಲಿ ಅಲೀದಾ ಎಂಬ ಹೆಸರಿಗೆ ಮೀಸಲಾದ ದಿನ, ನನ್ನ ಹೆಸರಿನ ದಿನ. ಹೆಸರಿನ ದಿನ ಮನೆಯೊಡತಿ ಮನೆ ಬಿಟ್ಟು ಕದಲುವುದುಂಟೆ? ಯಾರು ಯಾವ ಹೊತ್ತಿಗೆ ಬಂದುಬಿಡುತ್ತಾರೋ. ಬೆಳಿಗ್ಗೆಯಿಂದ ಕಾಫಿ ಒಲೆಯ ಮೇಲೆ ಇರುತ್ತದೆ, ಕೇಸರಿ ಹಾಕಿ ಉಬ್ಬಿಸಿದ ಸಿಹಿ ಕ್ಲಿಂಗೆರಿಸ್ ರೊಟ್ಟಿ ಮೇಜಿನ ಮೇಲಿರುತ್ತದೆ. ಬಾಗಿಲಿನ ಚಿಲಕ ತೆಗೆದಿಟ್ಟು ಕೂತಿರುತ್ತೇನೆ, ಅಮ್ಮ ಕೂರುತ್ತಿದ್ದಳಲ್ಲ, ಹಾಗೆ. ನೀನು ಒಣದ್ರಾಕ್ಷಿಗಳನ್ನೆಲ್ಲ ಆರಿಸಿ ತಿಂದು ರೊಟ್ಟಿಯಲ್ಲಿ ತೂತು ಮಾಡಿ ಇಡುತ್ತಿದ್ದದ್ದು ನೆನಪಿದೆ. ಈ ವರ್ಷ ಒಣದ್ರಾಕ್ಷಿ ಹೆಚ್ಚಿಗೆ ಹಾಕುತ್ತೇನೆ.

ಹಿಟ್ಟು, ಬೆಣ್ಣೆ ಈಗಿನಿಂದಲೇ ಕೂಡಿಸುತ್ತಿದ್ದೇನೆ. ಇಷ್ಟು ಬೆಣ್ಣೆ ಯಾರಿಗೆ ಎಂದು ಕ್ಲಾವ್ದಿಯಾ ಕೇಳಿದಳು. ಯಾರು ಬರುತ್ತಾರೋ ಅವರಿಗೆ ಎಂದೆ.

ಅಲೀದಾ


ಅಡಿಲೇಡ್
೨೮ ಏಪ್ರಿಲ್ ೧೯೭೫

ಅಕ್ಕ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಎಲ್ಲೋ ಒಂದು ಸಾಲು ತಪ್ಪಿಸಿಕೊಂಡಿದ್ದೇನೆ ಅಂದುಕೊಂಡೆ. ಇಲ್ಲ.

ನಿನ್ನ ಹೆಸರಿನ ದಿನ ನನಗೆ ಮರೆತೇಹೋಗಿತ್ತು. ಇಲ್ಲಿ ಅದೆಲ್ಲ ಇಲ್ಲ. ಇಲ್ಲಿರುವುದು ಹುಟ್ಟುಹಬ್ಬ. ಜೋನ್ ಒಂದು ತಿಂಗಳು ಮುಂಚೆಯೇ ಕಾರ್ಡು ಕಳಿಸುತ್ತಾಳೆ. ಬರುತ್ತೇವೆ, ಬರುವುದಿಲ್ಲ ಎಂದು ಕರೆಸಿಕೊಂಡವರು ಉತ್ತರ ಬರೆಯಬೇಕು. ಎಷ್ಟು ಉತ್ತರವೋ ಅಷ್ಟೇ ಕುರ್ಚಿ. ಕರೆಯದೆ ಹೋದವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾರೆ. ಮೊದಮೊದಲು ನನಗೆ ಇದು ವಿಚಿತ್ರವೆನಿಸುತ್ತಿತ್ತು. ಈಗ ನಾನೂ ಹಾಗೆಯೇ ಆಗಿದ್ದೇನೆ.

ನಿನ್ನ ಮನೆಗೆ ಅಂದು ಊರೇ ಬರುತ್ತದೆ, ಬರಲಿ. ಅವರಿಗಾಗಿ ನೀನು ಬೆಣ್ಣೆ ಕೂಡಿಸುತ್ತೀಯ. ಒಡಹುಟ್ಟಿದವನಿಗೆ ಒಂದು ಸಾಲು ‘ಬಾ’ ಎಂದು ಬರೆಯಲು ಆಗುವುದಿಲ್ಲ, ಹೋಟೆಲಿನ ಹಜಾರಕ್ಕೆ ಬಂದು ಒಂದು ಗಂಟೆ ಕೂರಲೂ ಆಗುವುದಿಲ್ಲ. ದೂರುತ್ತಿಲ್ಲ. ಹೋದವನು ನಾನು, ಅಮ್ಮನ ಜೊತೆ ಉಳಿದು ಎಲ್ಲ ಕಷ್ಟ ಉಂಡವಳು ನೀನು. ನಿನಗೆ ಸಿಟ್ಟಿದ್ದರೆ ಅದು ನ್ಯಾಯವೇ. ಮೂವತ್ತು ವರ್ಷ ಅದನ್ನು ಬರೆಯದೆ ಇಟ್ಟುಕೊಂಡೆಯಲ್ಲ ಎಂಬುದಷ್ಟೇ ನನಗೆ ನೋವು.

ಬೀದಿಯಲ್ಲಿ ನಿಂತು ಕಲ್ಲಿನ ಹೆಂಗಸನ್ನು ನೋಡಿ ಹೋಗುತ್ತೇನೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಮಿಕೆಲಿಸ್


ರೀಗಾ, ಹೋಟೆಲು
೩೦ ಮೇ ೧೯೭೫

(ಇಗರ್ಜಿಯ ಗೋಪುರದ ಚಿತ್ರವಿರುವ ಅಂಚೆ ಕಾರ್ಡು)

ಅಕ್ಕ, ಬಂದಿದ್ದೇನೆ. ವಿಮಾನ ತಡವಾಯಿತು. ಏಳನೇ ಮಹಡಿಯ ಕಿಟಕಿಯಿಂದ ನಮ್ಮ ಬೀದಿಯ ಕಡೆಯ ಛಾವಣಿಗಳು ಕಾಣುತ್ತವೆ, ಇನ್ನೂ ಬೆಳಕಿದೆ. ನಿನ್ನ ದಿನ ಚೆನ್ನಾಗಿ ನಡೆಯಲಿ. ಮಿಕೆಲಿಸ್.


ಮಾಸ್ಕೋ, ವಿಮಾನ ನಿಲ್ದಾಣ
೧ ಜೂನ್ ೧೯೭೫

ನನ್ನ ಅಕ್ಕ,

ಅಡಿಲೇಡಿನ ಕಡೆಯ ವಿಮಾನಕ್ಕೆ ಇನ್ನೂ ಬಹಳ ಹೊತ್ತಿದೆ. ನೀನು ಜೇಬಿಗೆ ತುರುಕಿದ ಕ್ಲಿಂಗೆರಿಸ್ ತುಂಡನ್ನು ತಿನ್ನುತ್ತ ಬರೆಯುತ್ತಿದ್ದೇನೆ. ಪುಡಿ ಬಿದ್ದರೆ ಕೊಡವಿಕೊ.

ನಾನು ಮೇಲೆ ಬರುವ ಮುಂಚೆ ಕೆಳಗೆ ಏನಾಯಿತೆಂದು ಹೇಳಲು ನಿನ್ನೆ ಬಿಡುವೇ ಸಿಗಲಿಲ್ಲ. ಬೆಳಿಗ್ಗೆ ಸಂತೆಯಲ್ಲಿ ಒಂದು ದೊಡ್ಡ ಕಟ್ಟು ಟ್ಯುಲಿಪ್ ಹೂ ಕೊಂಡೆ. “ಈ ವರ್ಷದ ಕೊನೇವು, ಬೇಕಾದ್ರೆ ತಗೋ, ಬೇಡಾದ್ರೆ ಮೂಸಬೇಡ” ಎಂದು ಮಾರುವವಳು ಗದರಿಸಿ ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಮನೆಯ ಕೆಳಬಾಗಿಲಲ್ಲಿ ಇಟ್ಟು ಹೋಗೋಣವೆಂದು ನನ್ನ ಯೋಚನೆ.

ಬಸ್ಸು ನಮ್ಮ ಬೀದಿಗೆ ತಿರುಗಿತು. ಇಳಿಸಿ ನಿಲ್ಲಿಸಿದರು. ಗೈಡ್ ಹುಡುಗಿ ನಮ್ಮ ಮನೆಯ ಕಡೆಗೇ ಕೈ ತೋರಿಸಿ, “ಈ ಮುಖವಾಡವನ್ನು ಗಮನಿಸಿ, ಶತಮಾನದ ಆರಂಭದ ಮನುಷ್ಯನ ಭಯ ಇದರಲ್ಲಿ ವ್ಯಕ್ತವಾಗಿದೆ” ಎಂದಳು. ಎಲ್ಲರೂ ಫೋಟೋ ತೆಗೆದರು. ನನ್ನ ಪಕ್ಕದಲ್ಲಿ ಬ್ರಿಸ್ಬೇನ್‌ನ ಹೆರ್ಮೀನೆ ಅಜ್ಜಿ ನಿಂತಿದ್ದಳು. ಲೆನಿನ್‌ಗ್ರಾಡಿನಿಂದಲೂ ಅವಳ ಚೀಲ ಹೊತ್ತು ನನ್ನ ಭುಜ ಬಿದ್ದುಹೋಗಿದೆ.

“ಯಾರಿಗಪ್ಪಾ ಆ ಹೂವು? ಬೆಳಿಗ್ಗೆಯಿಂದ ಕೂಸು ಎತ್ಕೊಂಡ ಹಾಗೆ ಎತ್ಕೊಂಡಿದೀಯ” ಎಂದಳು.

“ಅಕ್ಕನಿಗೆ.”

“ಎಲ್ಲಿದ್ದಾಳೆ?”

“ಅದೇ, ಆ ಮುಖದ ಕೆಳಗಿನ ಕಿಟಕಿ.”

“ಮತ್ತೆ ಇಲ್ಲಿ ನಿಂತು ಏನ್ ಮಾಡ್ತಿದೀಯ?”

“ಅವಳು ಕರೆದಿಲ್ಲ. ಅವಳ ಹೆಸರಿನ ದಿನ. ನೆಂಟರಿರ್ತಾರೆ.”

ಹೆರ್ಮೀನೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಹೆಸರೇನು ಅವಳದ್ದು?”

“ಅಲೀದಾ.”

“ಆಸ್ಟ್ರೇಲಿಯಾದಲ್ಲಿ ಕುರಿಗಳ ಮಧ್ಯೆ ಇದ್ದು ಇದ್ದು ನಿನ್ನ ತಲೆ ಒಳಗೂ ಉಣ್ಣೆ ಬೆಳೆದಿದೆ ಕಣೋ. ಹೆಸರಿನ ದಿನಕ್ಕೆ ಯಾರಾದ್ರೂ ಯಾರನ್ನಾದ್ರೂ ಕರೀತಾರಾ? ನಿಮ್ಮಮ್ಮ ಕರೀತಿದ್ಲಾ? ನೆನಪಿದ್ದೋರು ಬರ್ತಾರೆ, ಅಷ್ಟೇ. ನಂಗೀಗ ನೆನಪಾಯ್ತು. ನಾನು ಹೋಗ್ತೀನಿ, ನೀನು ಬೇಕಾದ್ರೆ ಕರೆಯೋ ತನಕ ಇಲ್ಲೇ ನಿಂತಿರು.”

ಅಕ್ಕ, ಆಗ ನನಗೆ ಅಮ್ಮ ಕಂಡಳು. ಬಿಳಿ ಏಪ್ರನ್ ಹಾಕಿಕೊಂಡು ಮೇಜಿನ ತುದಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತ ಅಮ್ಮ. ಅಪ್ಪ ಒಂದು ಸಲ “ನಿನ್ನ ತಂಗಿಗೆ ಹೇಳಿ ಕಳಿಸ್ಲಾ?” ಎಂದು ಕೇಳಿದ್ದಕ್ಕೆ, “ಹೇಳಿಸ್ಕೊಂಡು ಬರೋಳು ನಂಗ್ಯಾಕೆ?” ಎಂದಿದ್ದಳು. ರೊಟ್ಟಿಯ ನೆನಪು ನನಗೆ ಪೂರ್ತಿ ಇತ್ತು, ತೆರೆದ ಬಾಗಿಲಿನ ನೆನಪು ಹೋಗಿಬಿಟ್ಟಿತ್ತು.

ಅಷ್ಟರಲ್ಲಿ ಹೆರ್ಮೀನೆ ಬಸ್ಸಿನವರಿಗೆಲ್ಲ ಸಾರಿಯಾಗಿತ್ತು. “ಇವತ್ತು ಅಲೀದಾ ದಿನ ಕಣ್ರೋ, ಮೇಲೆ ಇವನ ಅಕ್ಕ ಬಾಗಿಲು ತೆಗೆದು ಕೂತಿದ್ದಾಳೆ.” ಒಬ್ಬನಿಗೆ ಅಲೀದಾ ಎಂಬ ಅತ್ತೆ ಇದ್ದಳಂತೆ, ಇನ್ನೊಬ್ಬಳಿಗೆ ಅಲೀದಾ ಎಂಬ ಮೇಷ್ಟ್ರಮ್ಮ. ಹೆಸರಿನ ದಿನದ ಮನೆಗೆ ಹೋಗಿ ಎಷ್ಟು ವರ್ಷವಾಯಿತೆಂದು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾನು ಗೈಡ್‌ನ ಮುಖ ನೋಡಿದೆ. ಅವಳು ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ನೋಡಿದಳು, ಮೂರನೇ ಮಹಡಿ ನೋಡಿದಳು.

“ಯಾರ ಮನೆಗೂ ಹೋಗೋ ಹಾಗಿಲ್ಲ, ಅದು ನಿಮಗೆ ಗೊತ್ತಿದೆ” ಎಂದಳು. “ಆದ್ರೆ ಮೆಟ್ಟಿಲಸಾಲು ವಾಸ್ತುಶಿಲ್ಪಕ್ಕೆ ಸೇರುತ್ತೆ. ಕಂಬಿಯ ಕೆಲಸ ನೋಡ್ಲೇಬೇಕಾದ್ದು. ಮೇಲಿನ ತನಕ ನೋಡಿ, ನಿಧಾನವಾಗಿ ನೋಡಿ.”

ಈ ಕಾಗದವನ್ನು ಯಾರೇ ಓದಿದರೂ ತಿಳಿಯಲಿ, ಆ ಹುಡುಗಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದಳು. ನಾವು ನೋಡಿದ್ದು ಮೆಟ್ಟಿಲಸಾಲು.

ಮೊದಲ ಮಹಡಿಯಲ್ಲಿ ಹೆರ್ಮೀನೆ ನಿಂತುಬಿಟ್ಟಳು. “ಬರಿಗೈಲಿ ಹೋಗೋದಾ?” ಎಂದವಳೇ ನನ್ನ ಕೈಯಿಂದ ಹೂವಿನ ಕಟ್ಟು ಕಿತ್ತುಕೊಂಡು ತಲೆಗೊಂದರಂತೆ ಎಲ್ಲರಿಗೂ ಹಂಚಿದಳು. ನನ್ನ ಪಾಲಿಗೆ ಉಳಿದದ್ದು ಒದ್ದೆ ಪೇಪರು.

ಬಾಗಿಲಲ್ಲಿ ಐದು ಹೆಸರು ಬರೆದಿತ್ತು. ಅಲೀದಾಗೆ ಮೂರು ಸಲ ಗಂಟೆ ಒತ್ತಿ ಎಂದು ಕೆಳಗೆ ಬರೆದಿತ್ತು. ಆರು ಕೋಣೆಯ ಮನೆಯಲ್ಲಿ ಅಕ್ಕ ಒಬ್ಬಳೇ ಓಡಾಡಿಕೊಂಡಿದ್ದಾಳೆ ಎಂದುಕೊಂಡೇ ನಾನು ಮುದುಕನಾದೆ. ಮನೆಯನ್ನು ಹಂಚಿ ಐದು ಸಂಸಾರ ಇಟ್ಟಿದ್ದಾರೆ, ಒಂದು ಅಡುಗೆಮನೆ, ನಿನಗೊಂದು ಕೋಣೆ. ನೀನು ಒಮ್ಮೆಯಾದರೂ ಬರೆದೆಯಾ? ಅಪ್ಪನ ಕೋಣೆಯಲ್ಲಿರುವ ಸಂಸಾರದ ಕ್ಲಾವ್ದಿಯಾಳನ್ನು ಕೆಲಸದವಳೆಂದು ತಿಳಿದು ನಾನು ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಾಕಿಕೊಂಡು ಕನ್ನಡಿ ನೋಡಿ, “ತೋಳು ಸ್ವಲ್ಪ ಉದ್ದ, ಆದ್ರೂ ಪರವಾಗಿಲ್ಲ, ಥ್ಯಾಂಕ್ಸ್” ಎಂದಳು. ಆ ನಾಚಿಕೆ ಇನ್ನೂ ಹೋಗಿಲ್ಲ.

ಅವಳೇ ನನ್ನನ್ನು ಮೂಲೆಗೆ ಕರೆದು ಹರಕುಮುರುಕು ಭಾಷೆಯಲ್ಲಿ ಇನ್ನೊಂದು ವಿಷಯ ಹೇಳಿದಳು. ಮಾರ್ಚ್ ಕೊನೆಯಲ್ಲಿ ನನ್ನ ಕಾಗದ ಹಿಡಿದು ನೀನು ಎಲ್ಲೆಲ್ಲಿ ಹೋಗಿ ಎಷ್ಟು ಹೊತ್ತು ಬೆಂಚಿನ ಮೇಲೆ ಕಾದು ಕೂತಿದ್ದೆ, ಏನು ಹೇಳಿಸಿಕೊಂಡು ಬಂದೆ ಎಂದು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅಡಿಲೇಡಿನಲ್ಲಿ ಕೂತು ನಿನಗೊಂದು ಒರಟು ಕಾಗದ ಬರೆದಿದ್ದೆ. ಬಂದರೆ ಓದದೆ ಒಲೆಗೆ ಹಾಕು.

ಮಿಕೆಲಿಸ್


ರೀಗಾ
೨೦ ಜೂನ್ ೧೯೭೫

ನನ್ನ ಪೆದ್ದು ತಮ್ಮಾ,

ನಿನ್ನ ಅಂಚೆ ಕಾರ್ಡು ನೀನು ಹೋದ ಮೂರನೇ ದಿನ ಬಂತು. ಒರಟು ಕಾಗದ ಅದಾದ ಮೇಲೆ ಬಂತು. ಒಲೆಗೆ ಹಾಕು ಎಂದ ಕಾಗದ ಎಲ್ಲಕ್ಕಿಂತ ಕೊನೆಗೆ ಬಂತು. ಅಷ್ಟರಲ್ಲಿ ನಾನು ಓದಿಯಾಗಿತ್ತು, ಅತ್ತೂ ಆಗಿತ್ತು. ಸಿಟ್ಟಂತೆ. ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ, ಚಿಂತೆ ಇತ್ತು, ಪ್ರತಿ ಚಳಿಗಾಲದಲ್ಲೂ. ನಿನ್ನ ಊರಲ್ಲಿ ಆಗ ಬೇಸಿಗೆ ಎಂದು ಗೊತ್ತಿದ್ದೂ, ಅವನ ಹತ್ತಿರ ದಪ್ಪ ಕಾಲುಚೀಲ ಇದೆಯೋ ಇಲ್ಲವೋ ಎಂದುಕೊಳ್ಳುತ್ತಿದ್ದೆ.

ಅಂದರೆ ನಿನಗೆ ನೆನಪಿರಲೇ ಇಲ್ಲ. ದಿನವನ್ನು ಬೇಕೆಂದೇ ಆರಿಸಿದ್ದೀಯ ಎಂದುಕೊಂಡು ನಾಲ್ಕು ತಿಂಗಳು ನಾನು ಒಬ್ಬಳೇ ನಕ್ಕದ್ದೆಲ್ಲ ದಂಡ. ಕರೆಯುವ ಪತ್ರಕ್ಕೆ ಒಪ್ಪಿಗೆ ಬೇಕು, ಹೆಸರಿನ ದಿನಕ್ಕೆ ಕರೆಯೇ ಬೇಡ, ನನ್ನ ತಮ್ಮ ಎಷ್ಟು ಜಾಣ ಎಂದು ಕ್ಲಾವ್ದಿಯಾಗೆ ಹೇಳಿಕೊಂಡು ತಿರುಗಿದ್ದೆ. ಅವಳಿಗೆ ನಿಜ ಹೇಳುವುದಿಲ್ಲ, ನನ್ನ ಮರ್ಯಾದೆ ಹೋಗುತ್ತದೆ.

ಈಗ ನನ್ನ ಕಡೆಯದನ್ನು ಕೇಳು. ಮೂವತ್ತರ ರಾತ್ರಿ ಹೋಟೆಲಿಗೆ ಬಂದಿದ್ದೆ, ಬಾಗಿಲು ಕಾಯುವವನು ಒಳಗೆ ಬಿಡಲಿಲ್ಲ. ನಾಳೆ ಮನೆಗೇ ಬರುತ್ತಾನಲ್ಲ ಎಂದು ಹಿಂತಿರುಗಿದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಚಿಲಕ ತೆಗೆದು ಕೂತೆ. ಹತ್ತಾಯಿತು, ಹನ್ನೆರಡಾಯಿತು. ಪಕ್ಕದ ಕೋಣೆಯವರು ಬಂದರು, ಹಳೆ ಕೆಲಸದ ಜೊತೆಗಾತಿಯರು ಬಂದರು, ಎಲ್ಲರಿಗೂ ತೆಳ್ಳಗೆ ಕತ್ತರಿಸಿ ಕೊಟ್ಟೆ. ಒಣದ್ರಾಕ್ಷಿ ಇದ್ದ ಕಡೆ ಕತ್ತರಿಸಲೇ ಇಲ್ಲ. ಕ್ಲಾವ್ದಿಯಾ, “ಬರ್ತಾನೆ ಬಿಡು, ಕರೆದಿದ್ರೆ ತಾನೇ ಟೈಮಿಗೆ ಸರಿಯಾಗಿ ಬರೋದು?” ಎಂದು ಸಮಾಧಾನ ಹೇಳಿದಳು.

ಮಧ್ಯಾಹ್ನ ಬಸ್ಸು ಬಂದದ್ದನ್ನು ಕಿಟಕಿಯಿಂದ ನೋಡಿದೆ. ನಮ್ಮ ಬೀದಿಗೆ ದಿನಾ ಬಸ್ಸು ಬರುತ್ತದೆ, ಜನ ಇಳಿದು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾರೆ, ನಾವು ಪರದೆಯ ಹಿಂದೆ ಆಲೂಗೆಡ್ಡೆ ಸುಲಿಯುತ್ತಿರುತ್ತೇವೆ. ಅಂದು ಇಳಿದವರಲ್ಲಿ ಒಬ್ಬನಿಗೆ ಅಪ್ಪನ ನಡಿಗೆ ಇತ್ತು. ತಲೆಗೂದಲು ಇರಲಿಲ್ಲ, ಆದರೂ ಗುರುತು ಹಿಡಿದೆ.

ನೀನು ಕಲ್ಲಿನವಳನ್ನು ನೋಡಿದೆ. ಅವಳ ಕೆಳಗೆ ಎರಡು ಅಡಿ ಕಣ್ಣು ಇಳಿಸಿದ್ದರೆ ನಾನಿದ್ದೆ. ನೀನು ಇಳಿಸಲಿಲ್ಲ. ಬಸ್ಸಿನ ಡ್ರೈವರ್ ಸಿಗರೇಟು ಎಸೆದು ತನ್ನ ಸೀಟಿಗೆ ಹತ್ತಿದ. ಇವನು ಹೋಗಿಯೇಬಿಡುತ್ತಾನೆ ಅನ್ನಿಸಿತು. ಕಿಟಕಿ ತೆರೆದೆ, ಕೂಗಲು ಬಾಯಿಯನ್ನೂ ತೆರೆದೆ. ಕೂಗಲಿಲ್ಲ. ಕೂಗಿದ್ದರೆ ನೀನು ಖಂಡಿತ ಮೇಲೆ ಬರುತ್ತಿದ್ದೆ. ಆದರೆ ನೆನಪಿನಿಂದ ಬಂದೆಯೋ ಕೂಗಿದ್ದಕ್ಕೆ ಬಂದೆಯೋ ಎಂದು ಸಾಯುವವರೆಗೂ ನನಗೆ ತಿಳಿಯುತ್ತಿರಲಿಲ್ಲ. ಅಷ್ಟು ದೂರದಿಂದ ಬಂದ ತಮ್ಮನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಹಟ ಹಿಡಿದೆ. ಕಿಟಕಿಯ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದು ಕೈಗೆ ಬಂತು. ಇನ್ನೂ ಸರಿಮಾಡಿಸಿಲ್ಲ.

ಆಮೇಲೆ ಮೆಟ್ಟಿಲ ಮೇಲೆ ಸದ್ದು. ಒಬ್ಬನ ಸದ್ದಲ್ಲ. ಯಾರೋ ಗುರುತಿಲ್ಲದ ಅಜ್ಜಿ ಒಳಗೆ ಬಂದು, “ಹೆಸರಿನ ದಿನ ಚೆನ್ನಾಗಿರ್ಲಿ ತಾಯೀ, ನಂಗೆ ಮೊದ್ಲು ಒಂದು ಕುರ್ಚಿ ಕೊಡು” ಎಂದು ಒಂದು ಟ್ಯುಲಿಪ್ ಕೊಟ್ಟಳು. ಅವಳ ಹಿಂದೆ ಇನ್ನೊಬ್ಬರು, ಇನ್ನೊಂದು ಟ್ಯುಲಿಪ್. ಇಡೀ ಬಸ್ಸೇ ಒಳಗೆ ಬಂತು. ಎಲ್ಲರೂ ಒಂದೊಂದು ಹೂ ಕೊಟ್ಟರು, ಎಲ್ಲರ ಹಿಂದೆ ನನ್ನ ಸ್ವಂತ ತಮ್ಮ ಬಂದು ಒದ್ದೆ ಪೇಪರು ಕೊಟ್ಟ. ಆ ಪೇಪರನ್ನು ಒಣಗಿಸಿ ಇಟ್ಟಿದ್ದೇನೆ.

ನನ್ನ ಕೋಣೆಯಲ್ಲಿ ಅಷ್ಟು ಜನ ಹಿಡಿಸುವುದೆಲ್ಲಿ? ಕ್ಲಾವ್ದಿಯಾಳೇ ಯೋಚನೆ ಮಾಡಿ ಅಮ್ಮನ ಮೇಜನ್ನು ಎಳೆಸಿ ಅಡುಗೆಮನೆಯ ನಡುವೆ ಹಾಕಿಸಿದಳು. ಐದು ಸಂಸಾರದ ಕುರ್ಚಿ ಬಂತು, ಲೋಟ ಬಂತು, ಯಾರೋ ಉಪ್ಪುಮೀನು ತಂದರು, ಯಾರೋ ಉಪ್ಪಿನ ಸೌತೆಕಾಯಿ ತಂದರು. ನೀನು ಅಮ್ಮನ ಜಾಗದಲ್ಲಿ ಬಾಗಿಲಿಗೆ ಎದುರಾಗಿ ಕೂತು ಕಾಫಿ ಕುಡಿದೆ, ಒಣದ್ರಾಕ್ಷಿ ಆರಿಸಿ ತಿಂದು ರೊಟ್ಟಿಯಲ್ಲಿ ತೂತು ಮಾಡಿ ಇಟ್ಟೆ. ಐವತ್ತು ವರ್ಷದ ಗಂಡಸು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಹೇಳಬೇಕಾದ್ದು, ಕೇಳಬೇಕಾದ್ದು ಎಷ್ಟೋ ಇತ್ತು. “ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದಷ್ಟೇ ಕೇಳಿದೆ.

ಗೈಡ್ ಹುಡುಗಿ ಒಳಗೆ ಕಾಲಿಡಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ನಿಂತೇ ಎರಡು ತುಂಡು ತಿಂದಳು. ಕೆಲಸದಲ್ಲಿ ಅಷ್ಟು ಕಟ್ಟುನಿಟ್ಟು.

ಹೊರಡುವ ಮುಂಚೆ ನಿನ್ನನ್ನು ಕಿಟಕಿಗೆ ಕರೆದು ಕಲ್ಲಿನವಳ ಬಾಯಿ ತೋರಿಸಿದೆನಲ್ಲ, ಅದೊಂದು ನನಗೆ ಖುಷಿ. ನೀನು ಹೇಳಿದ ಹಾಗೆ ಕಿರುಚುತ್ತಲೂ ಇಲ್ಲ, ನಾನು ಹೇಳಿದ ಹಾಗೆ ಹಾಡುತ್ತಲೂ ಇಲ್ಲ, ಬಾಯ್ತುಂಬ ಗುಬ್ಬಿಮರಿ. ಕೆಳಗೆ ನಿಂತು ಫೋಟೋ ತೆಗೆಯುವವರಿಗೆ ಅದು ಕಾಣುವುದಿಲ್ಲ. ನೀನು ಹೋದ ವಾರವೇ ಮರಿಗಳು ಹಾರಿಹೋದವು.

ಇಷ್ಟೆಲ್ಲ ಆದರೂ ಲೆಕ್ಕಕ್ಕೆ ನೆನಪಿದ್ದದ್ದು ಹೆರ್ಮೀನೆಗೆ, ನಿನಗಲ್ಲ. ಅದನ್ನು ನಾನು ಸುಲಭಕ್ಕೆ ಬಿಡುವುದಿಲ್ಲ. ರೂತ್‌ಳ ವಿಷಯವೂ ಹಾಗೆಯೇ. ಅಡುಗೆಮನೆಯಲ್ಲಿ ಎಲ್ಲರೂ ತಮ್ಮ ಮಕ್ಕಳ ಬಗ್ಗೆ ಹೇಳಿದಾಗ ನೀನು ಲೋಟದೊಳಗೆ ನೋಡುತ್ತ ಕೂತಿದ್ದೆ. ಅವಳಿಗೆ ನಮ್ಮ ಭಾಷೆ ಬರುವುದಿಲ್ಲ, ಅಲ್ಲವೇ?

ಅಕ್ಕ


ಅಡಿಲೇಡ್
೧ ಅಕ್ಟೋಬರ್ ೧೯೭೫

ಪ್ರೀತಿಯ ಅಕ್ಕ,

ಬರುವುದಿಲ್ಲ. ‘ಶುಭ ಮುಂಜಾನೆ’ ಎನ್ನಲು ಬರುತ್ತದೆ, ಅದನ್ನೂ ಸಂಜೆ ಹೇಳುತ್ತಾಳೆ. ಕಲಿಸುವ ವಯಸ್ಸಿನಲ್ಲಿ ನಾನು ಎರಡು ಪಾಳಿ ಕೆಲಸ ಮಾಡುತ್ತಿದ್ದೆ. ನಿನಗೆ ಬೇಜಾರಾಗದಿರಲಿ ಎಂದು ಸುಳ್ಳು ಬರೆದೆ. ನೀನು ಆರು ಕೋಣೆಯ ನಿಜ ಮುಚ್ಚಿಟ್ಟೆಯಲ್ಲ, ಹಾಗೆ.

ಊರಿನಿಂದ ಬಂದ ಮೇಲೆ ನಡೆದದ್ದನ್ನೆಲ್ಲ ಅವಳಿಗೆ ಇಂಗ್ಲಿಷಿನಲ್ಲೇ ಹೇಳಿದೆ. ಗುಬ್ಬಿಮರಿಯ ಕಥೆ ಕೇಳಿ ನಕ್ಕಳು. ಹೆರ್ಮೀನೆ ಹೂ ಹಂಚಿದ್ದನ್ನು ಎರಡು ಸಲ ಹೇಳಿಸಿದಳು. “ನಿನ್ನ ಹೆಸರಿನ ದಿನ ಯಾವತ್ತು?” ಎಂದು ಆಗ ಒಮ್ಮೆ ಕೇಳಿದ್ದಳು, ಅಷ್ಟೇ.

ಮೊನ್ನೆ ಸೆಪ್ಟೆಂಬರ್ ಇಪ್ಪತ್ತೊಂಬತ್ತು, ನಮ್ಮ ಕ್ಯಾಲೆಂಡರಿನಲ್ಲಿ ಮಿಕೆಲಿಸ್. ಇಷ್ಟು ವರ್ಷದಲ್ಲಿ ಮೊದಲ ಬಾರಿ ಆ ದಿನ ಆಚರಿಸೋಣ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಜೋನ್‌ಗೆ ಮಾತ್ರ ಗೊತ್ತು. ಅವಳು ತಲೆ ಚಚ್ಚಿಕೊಂಡು, “ಹೇಳದೆ ಇದ್ರೆ ಯಾರು ಬರ್ತಾರೆ ಮಾರಾಯಾ?” ಎಂದಳು. ಆದರೂ ನಿನ್ನ ಲೆಕ್ಕದಂತೆ ರೊಟ್ಟಿ ಬೇಯಿಸಿಕೊಟ್ಟಳು. ಕೇಸರಿ ಜಾಸ್ತಿಯಾಗಿತ್ತು. ನಾನು ಕೆಲಸಕ್ಕೆ ರಜೆ ಹಾಕಿ, ಮುಂಬಾಗಿಲು ತೆರೆದಿಟ್ಟು, ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತೆ.

ಪಕ್ಕದ ಮನೆಯವನು ಬಂದ. ಬಾಗಿಲು ತೆರೆದೇ ಇದೆ, ಕಳ್ಳರು ಬಂದಿದ್ದಾರೋ ಏನೋ ಎಂದು ನೋಡಲು ಬಂದಿದ್ದನಂತೆ. ಒಂದು ತುಂಡು ತಿಂದು ಹೋದ. ಅವನ ಬೆಕ್ಕು ಬಂತು. ಆಮೇಲೆ ಯಾರೂ ಇಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಜೋನ್ ಕಾಫಿ ಮತ್ತೆ ಬಿಸಿಮಾಡಿಕೊಟ್ಟಳು. ಆಗ ನನಗೆ ಗೊತ್ತಾಯಿತು, ಅಕ್ಕ, ಆ ದಿನ ಬೆಳಿಗ್ಗೆಯಿಂದ ನೀನು ಹೇಗೆ ಕೂತಿದ್ದೆ ಎಂದು. ಗೇಟು ಕಿರುಗುಟ್ಟಿದ ಹಾಗೆ ಕಿವಿಗೆ ಕೇಳಿಸುತ್ತಲೇ ಇರುತ್ತದೆ.

ಬಾಗಿಲು ಹಾಕೋಣವೆಂದು ಎದ್ದೆ. ಗೇಟಿನ ಹತ್ತಿರ ರೂತ್ ನಿಂತಿದ್ದಳು. ಕೆಲಸದ ಉಡುಪಿನಲ್ಲೇ ಇದ್ದಳು, ಒಂದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ನಾನು ಜೋನ್‌ಳ ಮುಖ ನೋಡಿದೆ. ಅವಳು, “ನಾನೇನೂ ಹೇಳಿಲ್ಲಪ್ಪಾ” ಎಂದಳು. ರೂತ್ ಕೈಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದೇ ಒಂದು ಟ್ಯುಲಿಪ್ ಇತ್ತು. ಇಲ್ಲಿ ಈಗ ವಸಂತ.

“ಜೋಡಿ ಹೂ ಸಮಾಧಿಗೆ ಅಂತ ನೀನೇ ಹೇಳಿದ್ದೆ, ಅದಕ್ಕೇ ಒಂದೇ ತಂದೆ” ಎಂದಳು. ಆಮೇಲೆ ನಮ್ಮ ಭಾಷೆಯಲ್ಲಿ, ಸಂಜೆ ಐದೂವರೆಗೆ, ‘ಶುಭ ಮುಂಜಾನೆ’ ಎಂದಳು.

ನಾನು ಅತ್ತುಬಿಟ್ಟೆ. ಪಕ್ಕದ ಮನೆಯವನು ಮತ್ತೆ ಇಣುಕಿ ನೋಡಿದ.

ಮಿಕೆಲಿಸ್


ರೀಗಾ
೨ ನವೆಂಬರ್ ೧೯೭೫

ಪ್ರೀತಿಯ ತಮ್ಮ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕ್ಲಾವ್ದಿಯಾ ಬೆಕ್ಕು ಬರುವ ಸಾಲಿನವರೆಗೂ ನಕ್ಕಳು, ರೂತ್ ಬರುವ ಸಾಲಿಗೆ ಎದ್ದು ಹೋಗಿ ತನ್ನ ಈರುಳ್ಳಿಗೆ ನೀರು ಹಾಕಿದಳು. ನಿನ್ನ ಕೋಟಿನ ಬಗ್ಗೆ ಇನ್ನೂ ಕೇಳುತ್ತಿರುತ್ತಾಳೆ.

ಹಿಮ ಶುರುವಾಗಿದೆ. ಕಲ್ಲಿನವಳ ಬಾಯಿ ಈಗ ಖಾಲಿ. ಗೂಡು ಹಾಗೆಯೇ ಇದೆ, ತೆಗೆಯಲು ಬಿಟ್ಟಿಲ್ಲ. ಕಿಟಕಿಯ ಹಿಡಿಯನ್ನೂ ಅಂತೂ ಹಾಕಿಸಿದೆ. ಅಮ್ಮನ ಮೇಜನ್ನು ಮತ್ತೆ ನನ್ನ ಕೋಣೆಗೆ ತರಲಿಲ್ಲ, ಅಡುಗೆಮನೆಯಲ್ಲೇ ಇರಲಿ ಎಂದು ಎಲ್ಲರೂ ಹೇಳಿದರು. ನಾನೂ ಒಪ್ಪಿದೆ.

ಹೆರ್ಮೀನೆಗೆ ನೆನಪಿತ್ತು, ನಿನಗಿರಲಿಲ್ಲ ಎಂದು ಜಗಳ ತೆಗೆದಿದ್ದೆನಲ್ಲ, ಆ ಜಗಳ ಮುಗಿಯಿತು. ನೀನು ಮರೆತದ್ದು ನಿನ್ನ ಮಗಳಿಗೆ ನೆನಪಿದೆ. ನಮ್ಮ ಮನೆಯ ಲೆಕ್ಕ ಅಲ್ಲಿಗೆ ಸರಿಹೋಯಿತು.

ಬರುವ ಮೇ ಬಗ್ಗೆ ನಿನಗೂ ಏನೂ ಹೇಳುವುದಿಲ್ಲ, ರೂತ್‌ಗೂ ಏನೂ ಹೇಳಬೇಡ. ನಾನು ಯಾರನ್ನೂ ಕರೆಯುವುದಿಲ್ಲ. ಬೆಣ್ಣೆ ಮಾತ್ರ ಈಗಿನಿಂದಲೇ ಕೂಡಿಸಲು ಶುರುಮಾಡಿದ್ದೇನೆ.

ಅಕ್ಕ
ಅಲೀದಾ